ಚಿಮಟಕ್ಕ ಹಾಕಿದ ನೆರಳು

ಹೆಸರಿನ ಬೋರ್ಡ್ ಮಾಡುವ ನಮ್ಮ ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದರ ಮುಂದಿನ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಇನ್ನೊಂದರಲ್ಲಿ ಯಜಮಾನರ ಹೆಲ್ಮೆಟ್ಟು ಕೂರುತ್ತಿತ್ತು. ಇಬ್ಬರ ಕೆಲಸದಲ್ಲಿ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ ಎಂದು ಯಜಮಾನರೇ ಒಮ್ಮೆ ಗಿರಾಕಿಗಳ ಮುಂದೆ ಹೇಳಿದ್ದರು. ನಾನೂ ನಕ್ಕಿದ್ದೆ. ಸಂಬಳದ ದಿನ ಹತ್ತಿರವಿತ್ತು.

ಆ ಹೆಲ್ಮೆಟ್ಟನ್ನು ಎಬ್ಬಿಸಿ ಅಲ್ಲಿ ಕೂರಲು ಹೊರಟವಳು ಚಿಮಟಕ್ಕ.

ಹಿಂದಿನ ಮೇಜಿನಲ್ಲಿ ಕೀಳುವ ಕೆಲಸ ಅವಳದು. ಕಟಿಂಗ್ ಮಷೀನು ಅಂಟುಹಾಳೆಯ ಮೇಲೆ ಅಕ್ಷರದ ಅಂಚನ್ನಷ್ಟೇ ಕೊಯ್ದು ಕೊಡುತ್ತದೆ. ಸುತ್ತಲಿನ ಹಾಳೆ, ಅಕ್ಷರದ ಹೊಟ್ಟೆಯೊಳಗಿನ ಚೂರು, ಇವನ್ನೆಲ್ಲ ಚಿಮಟದಲ್ಲಿ ಹಿಡಿದು ಎತ್ತಬೇಕು. ಅಕ್ಷರ ಮಾತ್ರ ಉಳಿಯಬೇಕು. ಮದುವೆಯಾದ ಹೊಸತರಲ್ಲಿ 'ಒಂದಷ್ಟು ದಿನ ನೋಡೋಣ' ಎಂದುಕೊಂಡು ಸೇರಿದವಳು. ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಗಂಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುತ್ತಾನೆ. "ದಿನವಿಡೀ ಮೇಲೆ ಹೋಗ್ತಾರೆ, ಸಂಜೆಗೆ ನೋಡಿದ್ರೆ ಕೆಳಗೇ ಇರ್ತಾರೆ" ಎನ್ನುವುದು ಅವಳ ಹಳೆಯ ಜೋಕು. ಹೇಳುವಾಗ ಅವಳೂ ಈಗ ನಗುವುದಿಲ್ಲ.

ಇಷ್ಟು ಕಾಲ ಚಿಮಟ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಡಾಕ್ಟರು ಪಟ್ಟಿ ಸುತ್ತಿ, ಹಿಟ್ಟು ನಾದಬೇಡಿ, ಬಟ್ಟೆ ಹಿಂಡಬೇಡಿ, ಚಿಮಟವಂತೂ ಮುಟ್ಟಲೇಬೇಡಿ ಎಂದರಂತೆ.

"ಮನೇದು ಬಿಡೋಕಾಗಲ್ಲ. ಅಂಗಡೀದಾದ್ರೂ ಬಿಡ್ಬೇಕಲ್ಲ, ತಮ್ಮಾ" ಎಂದಳು ನನಗೆ. ಕೆಲಸವನ್ನೇ ಬಿಡುವ ಮಾತಲ್ಲ ಅದು. ಕೆಲಸ ಬಿಟ್ಟರೆ ಮಗಳ ಕಾಲೇಜು ನಿಲ್ಲುತ್ತದೆ. ಕಂಪ್ಯೂಟರ್ ಮುಂದೆ ಕೂರುವ ಮಾತು.

ಯಜಮಾನರು ತಲೆ ಕೆರೆದುಕೊಂಡರು. "ಕನ್ನಡಕದಂಗಡಿಯೋರು ಗಾಜಿನ ಬಾಗಿಲಿಗೆ ಹೆಸರು ಕೇಳಿದಾರೆ. ನೆರಳಿರೋ ಅಕ್ಷರ ಬೇಕಂತೆ. ಶನಿವಾರಕ್ಕೆ ಕೊಡ್ಬೇಕು. ಡಿಸೈನು ನೀನೇ ಮಾಡಮ್ಮ. ಸರಿಯಾಗಿ ಆದ್ರೆ ಕುರ್ಚಿ ನಿಂದು. ಆಗ್ಲಿಲ್ಲಾಂದ್ರೆ ನಾನೇನ್ ಮಾಡ್ಲಿ ಹೇಳು? ಕೀಳೋಕೂ ಆಗದೆ, ಕೂರೋಕೂ ಬರದೆ…" ಎಂದು ಅರ್ಧಕ್ಕೆ ನಿಲ್ಲಿಸಿ ಹೆಲ್ಮೆಟ್ಟನ್ನು ಎತ್ತಿಕೊಂಡು ಹೋದರು.

ಹಾಗೆ ನಾನು ಗುರುವಾದೆ. ನನಗೆ ಈ ಕೆಲಸ ಬರುತ್ತದೆ, ಹೇಳಿಕೊಡಲು ಬರುವುದಿಲ್ಲ ಎಂಬುದು ಮೊದಲ ದಿನವೇ ಗೊತ್ತಾಯಿತು. "ಇದನ್ನ ಒತ್ತಿ, ಆಮೇಲೆ ಅದನ್ನ" ಎನ್ನುತ್ತಿದ್ದೆ. "ಯಾವ್ದನ್ನ?" ಎಂದರೆ ಮೌಸು ಕಿತ್ತುಕೊಂಡು ನಾನೇ ಒತ್ತುತ್ತಿದ್ದೆ. ಹೆಬ್ಬೆರಳು ನೋಯುವುದರಿಂದ ಅವಳು ಮೌಸನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು. ಬಾಣ ಪರದೆಯ ಮೇಲೆ ನೊಣದ ಹಾಗೆ ಸುತ್ತಿ, ಬೇಡದ ಕಡೆಯೇ ಕೂರುತ್ತಿತ್ತು.

ಆದರೂ ಎಫೆಕ್ಟ್ ಮೆನು ತೆರೆದಾಗ ಅವಳ ಮುಖ ಅರಳಿತು. ಗ್ಲೋ ಹಾಕಿದಳು, ಅಕ್ಷರ ಬಲ್ಬಿನಂತಾಯಿತು. ಉಬ್ಬು ಹಾಕಿದಳು, ಬಿಸ್ಕತ್ತಿನಂತಾಯಿತು. ಒಂದರ ಮೇಲೊಂದು ಹೇರಿದ ಮೇಲೆ ಓದಲು ಬರದಂತಾಯಿತು.

"ಸಾಕಕ್ಕ, ಮದುವಣಗಿತ್ತಿ ಮಾಡ್ಬಿಟ್ರಿ."

"ಇರು ಕಣೋ. ಇಷ್ಟು ವರ್ಷ ಕಿತ್ತಿದ್ದೇ ಆಯ್ತು. ಒಂದಿಷ್ಟು ಹಾಕ್ತೀನಿ."

ಶುಕ್ರವಾರ ಬೆಳಿಗ್ಗೆ ಅವಳು ಎಲ್ಲ ತೆಗೆದು ಬರೀ ನೆರಳಿನ ಎಫೆಕ್ಟ್ ಇಟ್ಟುಕೊಂಡಳು. ಪರದೆಯ ಮೇಲೆ ಮೆತ್ತಗಿನ, ಮಸುಕಾದ ನೆರಳು ಚೆನ್ನಾಗಿಯೇ ಕಂಡಿತು. ಮಷೀನಿಗೆ ಕಳಿಸಿದಳು. ಬಂದಿದ್ದು ಬೋಳು ಅಕ್ಷರ.

"ನೆರಳೆಲ್ಲೋ?" ಎಂದು ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದಳು.

ನಾನು ತಲೆ ಚಚ್ಚಿಕೊಂಡೆ. ಎಫೆಕ್ಟ್ ಎಂದರೆ ಅಕ್ಷರಕ್ಕೆ ಹೊದಿಸಿದ ಬಟ್ಟೆ. ಒಳಗಿನ ಗೆರೆ ಇದ್ದ ಹಾಗೇ ಇರುತ್ತದೆ. ಮಷೀನಿಗೆ ಕಾಣುವುದು ಗೆರೆ ಮಾತ್ರ. ಇದನ್ನು ಮೊದಲೇ ಹೇಳಬೇಕಿತ್ತು. ಹೇಳುವಷ್ಟರಲ್ಲಿ ಮೌಸು ಕಿತ್ತುಕೊಳ್ಳುವ ಗಡಿಬಿಡಿ ನನಗೆ.

"ಈ ಎಫೆಕ್ಟ್ ಹಾಕಿ" ಎಂದು ಇನ್ನೊಂದನ್ನು ತೋರಿಸಿದೆ. ಅಕ್ಷರದ ನಕಲು ಮಾಡಿ ಚೂರು ಚೂರೇ ಪಕ್ಕಕ್ಕೆ ಸರಿಸುವ ಎಫೆಕ್ಟ್ ಅದು. "ನಕಲು ಜಾಸ್ತಿ ಇದ್ದಷ್ಟೂ ನೆರಳು ನುಣುಪು. ಆಮೇಲೆ ಎಕ್ಸ್‌ಪ್ಯಾಂಡ್ ಕೊಡಿ, ಎಲ್ಲಾ ಗೆರೆಯಾಗುತ್ತೆ" ಎಂದು ದೊಡ್ಡ ಪಂಡಿತನಂತೆ ಹೇಳಿ ಟೀ ಕುಡಿಯಲು ಹೋದೆ.

ನಾನು ಬರುವಾಗ ಮಷೀನು ಇನ್ನೂ ಕೊಯ್ಯುತ್ತಿತ್ತು. ಹೋಗಿ ನೋಡಿದೆ. ಅವಳು ಕೊಟ್ಟ ಅಷ್ಟೂ ನಕಲುಗಳು ಗೆರೆಗಳಾಗಿ, ಮಷೀನು ಒಂದನ್ನೂ ಬಿಡದೆ ಕೊಯ್ದಿತ್ತು. ಹಾಳೆಯ ತುಂಬ ಕೂದಲೆಳೆಯಂಥ ಪಟ್ಟಿಗಳು. ಒಂದು ಹೊತ್ತಿನ ಕೆಲಸಕ್ಕೆ ವಾರ ಕೀಳಬೇಕು.

ಚಿಮಟಕ್ಕ ಹಾಳೆಯನ್ನು ಹಿಂದಿನ ಮೇಜಿನ ಮೇಲೆ ಹಾಸಿದಳು. ಚಿಮಟ ತೆಗೆದುಕೊಂಡಳು. ಪಟ್ಟಿ ಸುತ್ತಿದ ಹೆಬ್ಬೆರಳಿನಿಂದಲೇ ಒತ್ತಿ, ಒಂದು ಎಳೆ ಎತ್ತಿದಳು. ಇನ್ನೊಂದು ಎತ್ತುವಾಗ ಚಿಮಟ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಲಿಲ್ಲ.

"ನಾಳೆಯಿಂದ ಬರ್ಬೇಡ ಅಂತಾರೇನೋ" ಎಂದಳು, ಗೋಡೆಗೆ ಹೇಳುವಂತೆ.

"ನಕಲು ಜಾಸ್ತಿ ಹಾಕಿ ಅಂದಿದ್ದು ನಾನಲ್ವಾ."

"ಅಂದಿದ್ದು ನೀನು. ಕೂತಿದ್ದೋಳು ನಾನು." ಆಮೇಲೆ ಕೇಳಿದಳು: "ಒಂದೇ ನಕಲು ಕೊಟ್ರೆ?"

"ಒಂದೇ ನೆರಳು ಬರುತ್ತೆ. ಮಸುಕಿರಲ್ಲ, ಗಟ್ಟಿಯಾಗಿರುತ್ತೆ. ಬೂದು ಹಾಳೇಲಿ ಬೇರೆ ಕೊಯ್ದು ಅಕ್ಷರದ ಕೆಳಗೆ ಅಂಟಿಸಬಹುದು."

"ಇದನ್ನ ಟೀಗೆ ಹೋಗೋ ಮುಂಚೆ ಹೇಳಿದ್ರೆ ಬಾಯಿ ಸವೀತಿತ್ತಾ?"

ಅವಳು ಹೋಗಿ ಕುರ್ಚಿಯಲ್ಲಿ ಕೂತಳು. ಈ ಸಲ ನಾನು ಮೌಸು ಮುಟ್ಟಲಿಲ್ಲ. ಬಾಣ ಸುತ್ತಿ ಸುತ್ತಿ, ಕೊನೆಗೆ ಸರಿಯಾದ ಕಡೆ ಕೂತಿತು. ನಕಲಿನ ಜಾಗದಲ್ಲಿ ಒಂದು ಎಂದು ಒತ್ತಿದಳು. ಎಕ್ಸ್‌ಪ್ಯಾಂಡ್ ಕೊಟ್ಟಳು. ನೆರಳನ್ನು ಬೇರೆ ಮಾಡಿ, ಎರಡು ಹಾಳೆ ಕೊಯ್ಯಿಸಿದಳು. ಎರಡೂ ಸರಿಯಾಗಿ ಬಂದವು.

ಇನ್ನು ಕೀಳುವುದು. ಅವಳು ನನ್ನ ಮುಖ ನೋಡಿದಳು. ನಾನು ಬಗ್ಗಿ ನೆಲದ ಮೇಲಿನ ಚಿಮಟ ಎತ್ತಿಕೊಂಡೆ.

ಅದು ಕೆಲಸವಲ್ಲ, ಶಿಕ್ಷೆ. ಬೇಡದ ಚೂರಿನ ಜೊತೆಗೆ ಬೇಕಾದ ಅಕ್ಷರವೂ ಎದ್ದು ಬರುತ್ತಿತ್ತು. ಅವಳು ಕುರ್ಚಿಯಿಂದಲೇ, "ಮೂಲೆಯಿಂದ ಎತ್ತೋ… ಅಯ್ಯೋ, ಕೋಳಿ ಪುಕ್ಕ ಕಿತ್ತಂಗೆ ಕೀಳ್ಬೇಡ" ಎನ್ನುತ್ತಿದ್ದಳು. ಹೇಳಿಕೊಡಲು ಅವಳಿಗೂ ಬರುವುದಿಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಶನಿವಾರ ಬಾಗಿಲಿಗೆ ಅಂಟಿಸಿದೆವು. ಕನ್ನಡಕದಂಗಡಿಯವರು ದೂರ ನಿಂತು ನೋಡಿದರು. "ಎಲ್ಲಾ ಎರಡೆರಡು ಕಾಣ್ತಿದೆ ಅಂತ ಬರೋರಿಗೆ ಬಾಗ್ಲಲ್ಲೇ ಎರಡೆರಡು ತೋರಿಸ್ತಿದೀವಲ್ರೀ" ಎಂದರು. ಚಿಮಟಕ್ಕನ ಮುಖ ಇಳಿಯಿತು. "ಇರ್ಲಿ ಬಿಡಿ, ವ್ಯಾಪಾರಕ್ಕೆ ಒಳ್ಳೇದೇ" ಎಂದು ಅವರೇ ನಕ್ಕರು.

ನಮ್ಮ ಅಂಗಡಿಗೆ ಮರಳಿದ ಮೇಲೆ ಯಜಮಾನರು ಹೆಲ್ಮೆಟ್ಟು ತೂಗುಹಾಕಲು ಗೋಡೆಗೆ ಮೊಳೆ ಹೊಡೆದರು. ಆಮೇಲೆ ಹಿಂದಿನ ಮೇಜಿನ ಕಡೆ ನೋಡಿ, "ಹಾಗಾದ್ರೆ ಕೀಳೋರು ಯಾರು?" ಎಂದರು. ಚಿಮಟ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಅವರಿಗೆ ಅದು ಕಂಡಿತು.

ಈಗ ಮಧ್ಯಾಹ್ನದವರೆಗೆ ನನಗೆ ಹಿಂದಿನ ಮೇಜು. ಊಟವಾದ ಮೇಲೆ ಕಂಪ್ಯೂಟರು. ಚಿಮಟಕ್ಕ ಮುಂದಿನ ಕುರ್ಚಿಯಲ್ಲಿ, ಎಡಗೈ ಮೌಸಿನ ಮೇಲಿಟ್ಟು, ಹಿಂದೆ ತಿರುಗದೆ ಕೇಳುತ್ತಾಳೆ: "ತಮ್ಮಾ, ಈ ಬೋರ್ಡಿಗೂ ನೆರಳು ಹಾಕ್ಲಾ?"

ನೆರಳೆಂದರೆ ಇನ್ನೊಂದು ಹಾಳೆ. ಅದನ್ನು ಕೀಳುವವನು ನಾನು.

"ಬೋಳೇ ಚೆನ್ನಾಗಿದೆ ಅಕ್ಕ" ಎನ್ನುತ್ತೇನೆ. ಅವಳು ಹಾಕುತ್ತಾಳೆ.