ಬೆಲ್ಲ ಹಾಕಿದ ಸಿಮೆಂಟು

ಮೊನ್ನೆ ಹೊನ್ನಾವರದ ತವರಿಗೆ ಹೋಗಿದ್ದೆ. ತಮ್ಮನ ಮಗ ಜಗಲಿಗೆ ಮೊಸಾಯಿಕ್ ಹಾಕಿಸುವ ಗಡಿಬಿಡಿಯಲ್ಲಿದ್ದ. ಒದ್ದೆ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಬೆಲ್ಲ ನೆನಪಾಯಿತು. ನಗಬೇಡಿ, ಹೇಳುತ್ತೇನೆ.

ದೊಡ್ಡ ಯುದ್ಧ ಮುಗಿದ ಹೊಸತು. ನನ್ನನ್ನು ನೋಡಲು ಕುಮಟಾದವರು ಬರುವವರಿದ್ದರು. ಮೊದಲು ಬಂದ ಎರಡು ಸಂಬಂಧ ಮುರಿದಿದ್ದವು. ನನ್ನ ಮೂಗೇ ಕಾರಣವೆಂದು ನನ್ನ ನಂಬಿಕೆ, ಜಗಲಿಯ ಸಗಣಿ ನೆಲವೆಂದು ಅಪ್ಪನದು. ಮೂಗು ಬದಲಿಸುವಂತಿರಲಿಲ್ಲ. ಹಾಗಾಗಿ ಅಪ್ಪ, ಆಗ ಸಿಮೆಂಟಿಗೆ ಬೇಕಿದ್ದ ಸರಕಾರದ ಪರ್ಮಿಟ್ಟಿಗೆ ಕಚೇರಿ ಅಲೆದು ಸಿಮೆಂಟು ತಂದರು.

ಭಟ್ಕಳದಿಂದ ಮಂಜಪ್ಪ ಮೇಸ್ತ್ರಿ ಬಂದ. ಸುಣ್ಣದ ಗಾರೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಸಿಮೆಂಟು ಮುಟ್ಟಿದ್ದು ಮಾತ್ರ ಅದೇ ಮೊದಲು. ಆ ಬೂದಿಪುಡಿಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಅಮ್ಮನ, ಅಂದರೆ ನಮ್ಮ ಆಯಿಯ, ಹತ್ತಿರ ಬೆಲ್ಲ ಕೇಳಿದ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸದೆ ಅವನು ಗಾರೆ ಕಲಸಿದವನೇ ಅಲ್ಲ. ಬರೀ ನೀರು ಸಾಕಂತೆ ಎಂದು ಅಪ್ಪ ಗೊಣಗಿದರೂ ಆಯಿ ಬೆಲ್ಲ ಕೊಟ್ಟೇಬಿಟ್ಟಳು.

ಮೂರು ದಿನವಾದರೂ ನೆಲ ಗಟ್ಟಿಯಾಗಲಿಲ್ಲ. ಒತ್ತಿದರೆ ಬೆರಳು ಇಳಿಯುತ್ತಿತ್ತು. ಊರಿನ ಇರುವೆಗಳೆಲ್ಲ ಮಾತ್ರ ಮದುವೆಗೆ ಮೊದಲೇ ಬಂದು ಸೇರಿದವು. ನಾಲ್ಕನೆಯ ದಿನ ಕುಮಟಾದವರೂ ಬಂದರು. ಜಗಲಿಗೆ ಹಲಗೆ ಹಾಸಿ ಅವರನ್ನು ಅಲ್ಲೇ ಕೂರಿಸಿದ್ದಾಯಿತು. ನಾನು ತಟ್ಟೆ ಹಿಡಿದು, ದೋಣಿ ಹತ್ತುವವಳ ಹಾಗೆ ತೂಗಾಡುತ್ತ ಅದೇ ಹಲಗೆಯ ಮೇಲೆ ಬಂದೆ.

ಇದೆಂತ ನೆಲ ಎಂದು ಹುಡುಗನ ತಾಯಿ ಕೇಳಿದರು. ಸಿಮೆಂಟೇ ಹಾಳು ಎಂದು ಅಪ್ಪ ಶುರುಮಾಡುವಷ್ಟರಲ್ಲಿ ಅಂಗಳದಿಂದ ಮಂಜಪ್ಪನ ದನಿ ಬಂತು.

“ಸಿಮೆಂಟಿಂದು ಎಂತದೂ ತಪ್ಪಿಲ್ಲ ಅಮ್ಮಾ. ಗೊತ್ತಿಲ್ದೆ ಬೆಲ್ಲ ಹಾಕ್ದವ ನಾನು.”

ಮೂರನೆಯದೂ ಹೋಯಿತು ಅಂದುಕೊಂಡೆ. ಅಪ್ಪ ಸುಮ್ಮನೆ ತಲೆಯಾಡಿಸಿ, ಹೌದು ಎಂದುಬಿಟ್ಟರು. ಆ ತಾಯಿ ಅಪ್ಪನನ್ನೂ ಮಂಜಪ್ಪನನ್ನೂ ನೋಡಿದರು, ಇರುವೆಯ ಸಾಲು ನೋಡಿದರು, ಆಮೇಲೆ ನಕ್ಕರು.

“ತಪ್ಪು ಮಾಡ್ದವ ಬಾಯ್ಬಿಟ್ಟು ಹೇಳೂ ಮನೆ ಇದು. ಹುಡುಗಿ ನಮ್ಗೆ ಆತು.”

ಎಂಟು ಹತ್ತು ದಿನಕ್ಕೆ ನೆಲ ತಾನಾಗಿ ಬಿಗಿಯಿತು. ನಾನೋ, ಮಂಜಪ್ಪನ ದಡ್ಡತನದ ಈ ಕಥೆ ಹೇಳಿ ನಲವತ್ತು ವರ್ಷ ಗಂಡನ ಮನೆಯವರನ್ನು ನಗಿಸಿದೆ. ಆ ಮನೆ ನನಗೆ ಸಿಕ್ಕಿದ್ದೇ ಅವನ ಒಂದು ಮಾತಿನಿಂದ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮೊನ್ನೆ ಮೊಸಾಯಿಕ್‌ನವನು ಹಳೆಯ ನೆಲ ಒಡೆಯಲು ಉಳಿ ಇಟ್ಟು ಹೊಡೆದ. ಉಳಿ ಪುಟಿಯಿತು. ಎರಡು ಉಳಿ ಮೊಂಡಾದ ಮೇಲೆ, ಇದಕ್ಕೆ ಎಂತ ಹಾಕಿದ್ರು ಅಜ್ಜಿ ಎಂದು ಬೆವರು ಒರೆಸಿಕೊಂಡ.

“ಬೆಲ್ಲ,” ಅಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಜಗಲಿ ಇದ್ದ ಹಾಗೇ ಇರಲಿ ಎಂದು ತಮ್ಮನ ಮಗನಿಗೆ ಹೇಳಿ, ಆ ನೆಲದ ಮೇಲೆಯೇ ಕಾಲು ಚಾಚಿ ಕುಳಿತೆ.