ಲೇಥಿನ ಮೇಲೆ ಕುಂಕುಮದ ಜಾಗ

ದ್ವಾದಶಿಯ ಪಾರಣೆ ಮುಗಿಸಿ, ದೇವರ ಪಾತ್ರೆಗಳನ್ನೂ ಅಂಬೆಗಾಲಿಕ್ಕುವ ಹಿತ್ತಾಳೆಯ ಬಾಲಕೃಷ್ಣನನ್ನೂ ಮುಂದಿಟ್ಟುಕೊಂಡು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದೆ. ಕಮಲಾಪುರದಿಂದ ಪ್ರಹ್ಲಾದನ ಫೋನು ಬಂತು. ಅವನು ನನ್ನ ಸೋದರಮಾವನ ಮಗ.

"ಅಕ್ಕಾ, ಅಪ್ಪನ ಹೆಸರಿನ ಸ್ಟೀಲ್ ಬೋರ್ಡು ಬಂದದ. ಲೇಥಿನ ಹಿತ್ತಾಳಿ ತಗಡಿನ ಮ್ಯಾಲೇ ಕೂಡಸ್ತೀನಿ. ಡ್ರಿಲ್ ಹಿಡಕೊಂಡೇ ನಿಂತೀನಿ."

"ಮೊದಲು ಡ್ರಿಲ್ ಕೆಳಗಿಡು. ಕೈ ತೊಳಕೊಂಡು ಫೋನ್ ಮಾಡ್ತೀನಿ."

ತೂತು ಕೊರೆಯುವ ಮೊದಲೇ ಅವನಿಗೆ ನನ್ನನ್ನು ಕೇಳಬೇಕೆನಿಸಿತಲ್ಲ, ಅದೂ ರಾಯರ ದಯೆ.

ಅವನ ಅಪ್ಪ ಭೀಮಸೇನ ಮಾಮಾ ತೀರಿಹೋಗಿ ಇನ್ನೂ ವರ್ಷದ ತಿಥಿ ಬಂದಿಲ್ಲ. ಊಟಕ್ಕೆ ಕುಳಿತರೆ ಅವರು ಮೊದಲು ನೋಡುತ್ತಿದ್ದುದು ವಾಟಿಯ, ಅಂದರೆ ಸಾರಿನ ಬಟ್ಟಲಿನ, ತಳವನ್ನು. ಸಾರು ಬಡಿಸುವ ಮೊದಲೇ ಅದನ್ನು ಬೋರಲು ಹಾಕಿ ಕೊರೆಸಿದ ಹೆಸರು ಓದಬೇಕು. ಒಮ್ಮೆ ಗಾಜಿಪುರದ ನಮ್ಮ ಮನೆಯಲ್ಲಿ ಬೀಗರ ಎದುರೇ ಹೇಳಿದರು: "ಸುಧಾ, ಇದು ಶಹಾಬಜಾರದ ಸುಶೀಲಾಬಾಯಿ ವಾಟಿ. ಯಾರದೋ ಮುಂಜಿವಿಯಾಗ ಬಂದದ, ಹೊಳ್ಳಿ ಹೋಗಿಲ್ಲ." ಸಾರು ಸುಡುತ್ತಿದ್ದುದರಿಂದ ಬೀಗರು ಅದರಲ್ಲೇ ಮುಳುಗಿದ್ದರು. ನನ್ನ ಮರ್ಯಾದೆ ಉಳಿಯಿತು.

ಕಮಲಾಪುರದಲ್ಲಿ ರಸ್ತೆಗೆ ಹತ್ತಿದ ಅವರ ವರ್ಕ್‌ಶಾಪಿನಲ್ಲಿ ವಿಲಾಯತಿಯಿಂದ ಬಂದ ಹಳೆಯ ಲೇಥು ಇತ್ತು, ಕಬ್ಬಿಣ ಕಡೆಯುವ ಯಂತ್ರ. ಅವರ ಅಪ್ಪನ ಕಾಲದಿಂದ ನವರಾತ್ರಿಯಲ್ಲಿ ಆಯುಧಗಳಿಗೆ ಮಾಡುವ ಪ್ರತಿ ಖಂಡೆ ಪೂಜೆಗೂ ಅದಕ್ಕೆ ಒಂದು ಪದರ ಹಸಿರು ಬಣ್ಣ, ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ. ನಮ್ಮ ಮನೆತನದ ಭಕ್ತಿ ಎಷ್ಟು ದಪ್ಪವೆಂದರೆ ಚಕ್ರದ ಮೇಲಿನ ಅಳತೆಯ ಅಂಕಿಗಳೂ ತಯಾರಕರ ಹೆಸರಿನ ಹಿತ್ತಾಳೆ ತಗಡೂ ಅದರೊಳಗೆ ಹೂತುಹೋಗಿದ್ದವು. ವಯಸ್ಸಾಗಿ ಕೆಲಸ ಮಗನಿಗೆ ಬಿಟ್ಟ ಮೇಲೆ ಮಾಮಾ ಅವನ್ನು ಹೊರತೆಗೆಯಲು ಕುಳಿತರು. ಬಿದಿರಿನ ಕಡ್ಡಿಯಿಂದ ಬಣ್ಣ ಕೆರೆಯುವುದು, ಕೊರೆದ ಅಂಕಿಗಳಿಗೆ ಕಪ್ಪು ಬಣ್ಣ ತುಂಬುವುದು, ರಟ್ಟಿಗೆ ಬಿಗಿಯಾಗಿ ಸುತ್ತಿದ ಬಟ್ಟೆಯಿಂದ ಮೇಲೆ ಉಳಿದ ಬಣ್ಣವನ್ನಷ್ಟೇ ಒರೆಸುವುದು. ತಗಡು ಹೊಳೆಯಲೆಂದು ನಾನು ಹುಣಸೆಹಣ್ಣು ಒಯ್ದರೆ ಬೈಸಿಕೊಂಡೆ.

"ದೂರ ಇಡು ಅದನ್ನ. ನೀವು ತಿಕ್ಕಿ ತಿಕ್ಕಿ ದೇವರ ಮೂಗೇ ಸವಸೀರಿ. ಇದರ ನಾಕು ಅಕ್ಷರನಾರ ಉಳೀಲಿ."

ತಗಡಿನ ಮೇಲೆ ಕಂಪನಿಯ ಹೆಸರು ಕಂಡಿತು, ಊರಿನ ಹೆಸರು ಪೂರ್ತಿ ಸವೆದಿತ್ತು.

"ಲಂಡನ್ ಅಂತ ಬರಸ್ರಿ ಅಪ್ಪಾ. ಯಾರು ಹೋಗಿ ನೋಡಿ ಬರ್ತಾರ?" ಎಂದ ಪ್ರಹ್ಲಾದ.

"ಅಳಸಿದ್ದು ಅಳಸಿದ್ಹಂಗ ಇರ್ಲಿ. ಅದನ್ನ ಸುಳ್ಳು ಊರಾಗ ಹುಟ್ಟಸಬ್ಯಾಡ."

ಆ ವರ್ಷದ ಖಂಡೆ ಪೂಜೆಗೆ ಪ್ರಹ್ಲಾದ ಒಬ್ಬ ಮುಖಂಡರನ್ನು ಕರೆಸಿದ್ದ. ಮಾಮಿ ಕುಂಕುಮದ ಬಟ್ಟಲು ಹಿಡಿದು ನೆಟ್ಟಗೆ ಅಂಕಿಗಳತ್ತ ನಡೆದರು. ಮಾಮಾ ಅಡ್ಡ ನಿಂತು, ಯಂತ್ರದ ಕಾಲಿನ ಮೇಲೆ ಸೀಮೆಸುಣ್ಣದಿಂದ ಅಂಗೈಯಗಲದ ಚೌಕ ಬರೆದರು.

"ಇಲ್ಲಿ ಹಚ್ಚು. ಇಷ್ಟು ದೇವರದು."

"ದೇವರಿಗೆ ಪ್ಲಾಟ್ ಹಾಕಿ ಕೊಡ್ಲಿಕತ್ತೀರೇನ್ರೀ? ಶರಣಸಿರಸಗಿ ಲೇಔಟಿನಾಗ ಇದಕ್ಕಿಂತ ದೊಡ್ಡದು ಸಿಗ್ತದ" ಎಂದರು ಮಾಮಿ. ಆದರೂ ಅಲ್ಲೇ ಹಚ್ಚಿದರು.

ಮುಖಂಡರು ತಗಡಿನ ಮೇಲೆ ಬೆರಳಾಡಿಸಿ, "ಊರಿನ ಜಾಗಾ ಖಾಲಿ ಅದಲ್ಲ? ಕಮಲಾಪುರ ಅಂತ ಹಾಕಸ್ರಿ, ಮಂದಿ ಖುಷಿ ಆಗ್ತಾರ" ಎಂದರು. ಚಪ್ಪಾಳೆ ಬಿತ್ತು. ಮಾಮಾ ಅವರ ಕೈಗೆ ಪ್ರಸಾದದ, ಆ ಊರಿಗೇ ಹೆಸರಾದ ಕೆಂಪು ಬಾಳೆಹಣ್ಣು ಇಟ್ಟರು.

"ಕಮಲಾಪುರದ್ದು ಇದು ರೀ ಸಾಹೇಬ್ರ. ಇದರ ಮ್ಯಾಲ ಬೇಕಾದ್ರ ಬರಸ್ರಿ."

ಹಣ್ಣು ತಿನ್ನುವ ಬಾಯಿಂದ ಭಾಷಣ ಬರುವುದಿಲ್ಲ. ಊಟ ಆರುವ ಮೊದಲೇ ಎಲೆ ಹಾಕಿದೆವು.

ಕೈ ಒರೆಸಿಕೊಂಡು ಪ್ರಹ್ಲಾದನಿಗೆ ಫೋನು ಮಾಡಿದೆ.

"ಹಿತ್ತಾಳಿ ತಗಡು ಮುಟ್ಟಬ್ಯಾಡ. ಅಪ್ಪ ಬರದ ಚೌಕ ಅದಲ್ಲ, ಅಲ್ಲಿ ಕೂಡ್ಸು."

"ಅಲ್ಲಿ ಕುಂಕುಮ ಹಚ್ತೀವಲ್ಲಕ್ಕಾ. ನಾಕು ವರ್ಷದಾಗ ಅಪ್ಪನ ಹೆಸರೇ ಮುಚ್ಚಿ ಹೋಗ್ತದ."

"ಹೋಗ್ಲಿ. ಪ್ರತಿ ವರ್ಷ ನೀನು ಕುಂತು ಕೆರದು ತೆಗಿ."

ಪ್ರಹ್ಲಾದ ಕೇಳಿದ, "ಅಪ್ಪನ ಬಿದರಿನ ಕಡ್ಡಿ ಎಲ್ಲಿ ಅವ, ಅಮ್ಮಗ ಗೊತ್ತೇನು?"

ಕೇಳಿ ನೋಡು ಎಂದು ಹೇಳಿ ಫೋನಿಟ್ಟೆ. ಹುಣಸೆಹಣ್ಣು ಒಣಗುತ್ತಿತ್ತು. ಎರಡು ಹನಿ ನೀರು ಚಿಮುಕಿಸಿ, ಬಾಲಕೃಷ್ಣನನ್ನು ಎತ್ತಿಕೊಂಡು, ಮೂಗೊಂದನ್ನು ಬಿಟ್ಟು ಉಳಿದದ್ದನ್ನು ತಿಕ್ಕತೊಡಗಿದೆ.