ಅತ್ತಿಗೆಯ ಕೆಂಪು ಗೆರೆ

ನಮ್ಮತ್ತಿಗೆಗೆ ಹೊಗಳಲು ಬರುವುದಿಲ್ಲ. ಮನೆಗೆ ಹೊಸ ಕುರ್ಚಿ ತಂದರೆ ಮೊದಲು ಅದನ್ನು ತಲೆಕೆಳಗು ಮಾಡಿ ಕಾಲು ನೋಡುತ್ತಾರೆ. ಮದುವೆಗೆ ಮುಂಚೆ ನನ್ನ ಅಣ್ಣನನ್ನು ಹೇಗೆ ಪರೀಕ್ಷೆ ಮಾಡಿದರೋ, ಕೇಳುವ ಧೈರ್ಯ ನನಗಿಲ್ಲ.

ನಾವಿಬ್ಬರೂ ಒಂದೇ ಕಾರ್ಖಾನೆಯವರು. ಹಬೆ, ಅನಿಲ ತುಂಬುವ ಟ್ಯಾಂಕುಗಳ ಎರಡು ತುದಿಗೂ ಮುಚ್ಚಳದಂತೆ ಕೂರುವ ಉಕ್ಕಿನ ಬಟ್ಟಲುಗಳಿಗೆ ನಾವು ಡಿಶ್ ಅನ್ನುತ್ತೇವೆ. ಅವನ್ನು ಪ್ರೆಸ್ಸಿನಲ್ಲಿ ಒತ್ತುವವನು ನಾನು, ಅವುಗಳಲ್ಲಿ ಬಿರುಕು ಹುಡುಕುವವರು ಅತ್ತಿಗೆ. ಹದಿನೇಳು ವರ್ಷದಿಂದ ಇದೇ ಕೆಲಸ. ಕೆಂಪು ಬಣ್ಣ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿನೊಳಗೆ ಇಳಿದ ಕೆಂಪು ಆ ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಅವರ ಉಗುರಂಚಿನ ಕೆಂಪು ರಜಾದಿನವೂ ಹೋಗುವುದಿಲ್ಲ.

ಒರೆಸುವುದಕ್ಕೆ ಅವರದೊಂದು ಕಟ್ಟುನಿಟ್ಟು. ಬಣ್ಣ ತೆಗೆಯುವ ದ್ರಾವಣವನ್ನು ಬಟ್ಟೆಗೆ ಹಾಕಿ ಒರೆಸಬೇಕು, ಉಕ್ಕಿನ ಮೇಲೆ ನೇರವಾಗಿ ಹೊಡೆಯಬಾರದು. ಹೊಡೆದರೆ ಒಳಗಿನ ಬಣ್ಣವೂ ತೊಳೆದುಹೋಗುತ್ತದೆ, ಬಿರುಕು ಮಾತ್ರ ಅಲ್ಲೇ ಇರುತ್ತದೆ.

ಕಳೆದ ತಿಂಗಳು ನಾನು ಒತ್ತಿದ ದೊಡ್ಡ ಡಿಶ್ಶಿನ ಅಂಚಿನಲ್ಲಿ ಬೆರಳುದ್ದದ ಗೆರೆ ಕಂಡಿತು. ತಪ್ಪು ನನ್ನದೇ. ಗ್ಯಾಸಿನಲ್ಲಿ ಕತ್ತರಿಸಿದ ಪ್ಲೇಟಿನ ಒರಟು ಅಂಚನ್ನು ನಯ ಮಾಡಿ ಒತ್ತಬೇಕಿತ್ತು, ಆತುರಕ್ಕೆ ಬಿದ್ದು ಬಿಟ್ಟಿದ್ದೆ. ಆ ಗಿರಾಕಿ ವೆಲ್ಡಿಂಗ್ ತೇಪೆಗೆ ಒಪ್ಪುವವರಲ್ಲ. ಗೆರೆ ಹೋಗುವವರೆಗೂ ತೇಯಬೇಕು, ದಪ್ಪ ಹನ್ನೆರಡು ಮಿಲಿಮೀಟರಿಗಿಂತ ಇಳಿದರೆ ಡಿಶ್ ಗುಜರಿಗೆ. ಅದರ ಹಿಂದೆಯೇ ನಾನು ಪ್ರೆಸ್ಸಿನಿಂದ ಆಚೆಗೆ.

ತೇಯ್ದು ತೇಯ್ದು ಹನ್ನೆರಡೂವರೆ ಮಿಲಿಮೀಟರಿಗೆ ಬಂದೆ. ಮತ್ತೆ ಕೆಂಪು ಬಳಿದ ಹೊತ್ತಿಗೆ ಅತ್ತಿಗೆಗೆ ಕಚೇರಿಯಿಂದ ಕರೆ ಬಂತು, ಒರೆಸಲು ನನಗೆ ಹೇಳಿ ಹೋದರು. ಕೈತಪ್ಪಿ ಆಯಿತು ಎಂದರೆ ಸುಳ್ಳಾದೀತು. ಬೇಕೆಂದೇ ದ್ರಾವಣವನ್ನು ನೇರವಾಗಿ ಹೊಡೆದೆ.

ಅವರು ಬಂದು ಬಿಳಿ ಪುಡಿ ಹಾಕಿದರು. ಕಾದೆವು. ಬಿಳಿ ಬಿಳಿಯಾಗಿಯೇ ಉಳಿಯಿತು.

"ಚೆನ್ನಾಗಿ ತೇಯ್ದಿದೀಯ ಕಣೋ" ಎಂದರು ಅತ್ತಿಗೆ.

ಇಷ್ಟು ವರ್ಷಕ್ಕೆ ಅದು ಮೊದಲ ಹೊಗಳಿಕೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ಇದನ್ನು ತಡೆಯಲಾಗಲಿಲ್ಲ. ಅವರು ವರದಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದರು.

"ಅತ್ತಿಗೆ, ನಾನು ಬಟ್ಟೆಯಲ್ಲಿ ಒರೆಸಲಿಲ್ಲ. ನೇರ ಹೊಡೆದೆ."

ಅವರು ಪೆನ್ನು ಮುಚ್ಚಿಟ್ಟು ಕೆಂಪು ಡಬ್ಬಿ ಎತ್ತಿಕೊಂಡರು. ಎಲ್ಲ ಮೊದಲಿನಿಂದ. ಈ ಸಲ ಕೂದಲೆಳೆಯಷ್ಟು ಗೆರೆ ಮೂಡಿತು. ನನ್ನ ಕೈಯಿಂದ ಗ್ರೈಂಡರ್ ತೆಗೆದುಕೊಂಡು ತಾವೇ ತೇಯ್ದರು, ಎರಡು ಸಲ ಆಡಿಸಿದರೆ ಒಂದು ಸಲ ಅಳೆದರು. ಗೆರೆ ಹೋದಾಗ ಅಳತೆ ಹನ್ನೆರಡು ಪಾಯಿಂಟ್ ಒಂದು. ತಗ್ಗು ಕೈಗೆ ಸಿಗದಂತೆ ಸುತ್ತಲೂ ನಯ ಮಾಡಿ, ಡಿಶ್ ಪಾಸು ಮಾಡಿದರು. ಕಾರಣದ ಜಾಗದಲ್ಲಿ ಮಾತ್ರ ಅಂಚು ತೇಯದೆ ಒತ್ತಿದ್ದು ಎಂದು ಬರೆದು, ಎದುರಿಗೆ ನನ್ನ ಹೆಸರು ಹಾಕಿದರು. ಮೈದುನ ಎಂಬ ರಿಯಾಯಿತಿ ಇಲ್ಲ. ಮ್ಯಾನೇಜರ್ ಕರೆದು ಚೆನ್ನಾಗಿಯೇ ಝಾಡಿಸಿದರು, ಆದರೆ ಪ್ರೆಸ್ಸು ನನ್ನ ಕೈಯಲ್ಲೇ ಉಳಿಯಿತು.

ಸಂಜೆ ಊಟಕ್ಕೆ ಕೂತಾಗ ಅಣ್ಣ, ಕೆಲಸ ಹೇಗೆ ನಡೆದಿದೆ ಎಂದು ಕೇಳಿದ. ನಾನು ತಟ್ಟೆ ನೋಡಿದೆ.

"ಇವನು ಒತ್ತಿದ್ದನ್ನ ನೋಡದೆ ಬಿಡೋ ಹಾಗಿಲ್ಲ" ಎಂದರು ಅತ್ತಿಗೆ. "ಆದ್ರೆ ಒರೆಸಿದೀನಿ ಅಂತ ಇವನು ಹೇಳಿದ್ರೆ, ಇನ್ಮೇಲೆ ನಾನು ನಂಬ್ತೀನಿ."

ಅಣ್ಣನಿಗೆ ತಲೆಬುಡ ತಿಳಿಯಲಿಲ್ಲ. ನಾನು ಮಾತ್ರ ಇನ್ನೊಂದು ಸಲ ಬಡಿಸಿಕೊಂಡು ಉಂಡೆ.